ಕೀ ತಿರುಗಿಸುವ ಮೊದಲಿನ ಒಂದು ನಿಮಿಷ

ಮೊನ್ನೆ ಕುಂಸಿಯಲ್ಲಿ, ಅವರು ತೀರಿಕೊಂಡ ಮೇಲಿನ ಶಿವಗಣಾರಾಧನೆ ಇತ್ತು. ಅವರ ತಂಗಿಯ ಮನೆಯಲ್ಲಿ ಪೂಜೆ, ಊಟ. ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸೊಬ್ಬರು, "ನೀವು ಅವರಿಗೆ ಏನಾಗ್ಬೇಕು?" ಎಂದು ಕೇಳಿದರು. ಅಂಥ ಕಡೆ ಯಾರಾದರೂ ಕೇಳುವ ಪ್ರಶ್ನೆಯೇ. "ಕಾಗದದ ಕಾರ್ಖಾನೆಯಲ್ಲಿ ಒಟ್ಟಿಗೆ ಕೆಲಸ ಮಾಡ್ತಿದ್ವಿ. ವಿದ್ಯಾನಗರದಲ್ಲಿ ಎದುರುಮನೆ" ಎಂದೆ. ಎರಡೂ ನಿಜ. ಅವರು ತಲೆಯಾಡಿಸಿ ಪಲ್ಯ ಹಾಕಿಸಿಕೊಂಡರು. ನಾನು ಮಾತ್ರ ಆಮೇಲೆ ಸರಿಯಾಗಿ ಊಟ ಮಾಡಲಿಲ್ಲ. ನಾನು ಅವರಿಗೆ ಏನಾಗಿದ್ದೆ ಎನ್ನುವುದು ನನಗೇ ಗೊತ್ತಿರಲಿಲ್ಲ. ಅವರೇ ಒಂದು ದಿನ ಹೇಳಿಯಾರು ಎಂದು ವರ್ಷಗಟ್ಟಲೆ ಕಾದಿದ್ದೆ, ಸಂಜೆಗೆ ಒಂದು ನಿಮಿಷದಂತೆ. ಆ ನಿಮಿಷದ ಬಗ್ಗೆ ಬರೆಯಬೇಕೆಂದರೆ ಅವರ ಕಾರಿನ ಬಗ್ಗೆಯೂ ಬರೆಯಬೇಕಾಗುತ್ತದೆ.

ಅವರು ಪವರ್ ಹೌಸಿನಲ್ಲಿ ಇಂಜಿನಿಯರ್. ಕಾರ್ಖಾನೆಗೆ ಬೇಕಾದ ವಿದ್ಯುತ್ತನ್ನು ಉಗಿಯಿಂದ ತಯಾರಿಸುವ ಟರ್ಬೈನುಗಳು ಅವರ ಸುಪರ್ದಿಯಲ್ಲಿದ್ದವು. ನಾನು ಪ್ರಯೋಗಾಲಯದಲ್ಲಿ ಕೆಮಿಸ್ಟ್. ಕಾಗದವಾಗುವ ತಿರುಳಿನ ಬಣ್ಣ, ಬಿಗಿ ನೋಡುವುದು ನನ್ನ ಕೆಲಸ. ಮೊದಲು ಅವರು ಭದ್ರಾವತಿಯಲ್ಲಿ, ಕಾರ್ಖಾನೆಯ ಪಕ್ಕದ ಕಾಗದನಗರದ ಕ್ವಾರ್ಟರ್ಸಿನಲ್ಲೇ ಇದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇರಲಾಗದೆ ಶಿವಮೊಗ್ಗಕ್ಕೆ ಬಂದು, ವಿದ್ಯಾನಗರದಲ್ಲಿ ನಮ್ಮ ಮನೆಯ ಎದುರಿಗೆ ಬಾಡಿಗೆ ಹಿಡಿದರು. ಮಕ್ಕಳಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನೂ ನನ್ನ ಅಮ್ಮನೂ ಇಬ್ಬರೇ ಇದ್ದೆವು. ಬಂದ ವಾರದಲ್ಲೇ ಅವರು ಗೇಟಿನ ಹೊರಗೆ ನಿಂತು, "ಮೇಡಂ, ಇಬ್ಬರೂ ಹೋಗೋದು ಒಂದೇ ಕಡೆ. ಬಸ್ಸಿಗೆ ಯಾಕೆ ನೇತಾಡ್ತೀರಿ?" ಎಂದರು. ಮರುದಿನದಿಂದ ಅವರ ಕಾರಿನಲ್ಲಿ ಭದ್ರಾವತಿಗೆ ಹೋಗತೊಡಗಿದೆ.

ಅವರದು ಸಣ್ಣ ಆಳ್ತನ. ಪವರ್ ಹೌಸಿನ ಸದ್ದಿಗೆ ಬಲಗಿವಿ ಸ್ವಲ್ಪ ಮಂದವಾಗಿತ್ತು. ಮಾತು ಕೇಳುವಾಗ ತಲೆಯನ್ನು ಬಲಕ್ಕೆ ತಿರುಗಿಸಿ, ಮುಖ ನೋಡದೆ, ನೆಲ ನೋಡುತ್ತಾ ಕೇಳುತ್ತಿದ್ದರು. ಯಾವುದನ್ನೇ ಮುಟ್ಟುವುದಾದರೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಕೈಯ ಹಿಂಬದಿಯನ್ನು ತಾಗಿಸುತ್ತಿದ್ದರು. ಬೇರಿಂಗು ಬಿಸಿಯಾಗಿದೆಯೇ ಎಂದು ನೋಡಿ ನೋಡಿ ಬಂದ ಅಭ್ಯಾಸ. ಕಾಫಿಯ ಲೋಟಕ್ಕೂ ಹಾಗೆಯೇ, ಕಾರಿನ ಬಾನೆಟ್ಟಿಗೂ ಹಾಗೆಯೇ. ಅಮ್ಮನಿಗೆ ಜ್ವರ ಬಂದಾಗ ಅವಳ ಹಣೆಗೂ ಕೈಯ ಹಿಂಬದಿಯನ್ನೇ ಇಟ್ಟು, "ಜಾಸ್ತಿ ಏನಿಲ್ಲ" ಎಂದಿದ್ದರು. "ನನ್ನನ್ನೂ ಮಷೀನು ಮಾಡಿಬಿಟ್ಟ" ಎಂದು ಅಮ್ಮ ಮೂರು ದಿನ ನಕ್ಕಳು.

ಅವರ ಮೊದಲಿನ ಕಾರು ಹಳೆಯದು, ಬಹಳ ದೊಡ್ಡದು. ಮುಂದಿನ ಸೀಟಿನಲ್ಲೇ ಮೂವರು ಕೂರಬಹುದಿತ್ತು, ಕೂರುತ್ತಲೂ ಇದ್ದೆವು. ಮೂರನೆಯವರು ಲೆಕ್ಕಪತ್ರ ವಿಭಾಗದ ಬಸವರಾಜಪ್ಪ. ಮಲವಗೊಪ್ಪದಲ್ಲಿ ಅವರ ಮನೆ. ಬೆಳಿಗ್ಗೆ ಅಲ್ಲಿ ಹತ್ತಿ ಸಂಜೆ ಅಲ್ಲೇ ಇಳಿಯುತ್ತಿದ್ದರು. ದಾರಿಯುದ್ದಕ್ಕೂ ಮಾತೆಲ್ಲ ಬಸವರಾಜಪ್ಪನವರದೇ. ಕಾರು ಓಡಿಸುವ ಇವರ ಮಾತು ತಡ. ಕೇಳಿದ ಪ್ರಶ್ನೆಗೆ ಉತ್ತರ ಬಾರದೆ, ಕೇಳಿದವರೇ ಮರೆತು ಬೇರೆ ವಿಷಯಕ್ಕೆ ಹೋಗಿರುವಾಗ, ಇವರು "ಹೌದು" ಎನ್ನುತ್ತಿದ್ದರು.

ಹೊಸ ಕಾರು ಬಂದದ್ದು ಆಮೇಲೆ ಕೆಲವು ವರ್ಷಕ್ಕೆ. ಗೇಟಿನ ಮುಂದೆ ನಿಂತಿದ್ದ ಆ ಪುಟ್ಟ ಕಾರನ್ನು ನಾನು ಹತ್ತಿ ಕುಳಿತೆ. ಮಲವಗೊಪ್ಪದಲ್ಲಿ ಬಸವರಾಜಪ್ಪ ಮಾತ್ರ ಹತ್ತುವ ಮೊದಲೇ ಶುರು ಮಾಡಿದರು.

"ಆನೆ ಮಾರಿ ಆಡು ತಂದ್ರಾ ಸಾರ್? ಇದರ ಇಂಜಿನ್ ಎಷ್ಟು ದೊಡ್ಡದು?"

"ಹಳೇದರ ಮುಕ್ಕಾಲೂ ಇಲ್ಲ."

"ಇಂಜಿನ್ನಾ ಇದು, ನಮ್ಮನೆಯವಳ ಹೊಲಿಗೆ ಮಷೀನಾ? ಮೂರು ಜನಾನ ಎಳಿಯುತ್ತಾ ಮಾರಾಯ್ರೆ?"

"ಎಳಿಯುತ್ತೆ. ಟರ್ಬೊ ಇದೆ."

"ಏನದು?"

ಉತ್ತರ ಬಂದದ್ದು ಮುಂದಿನ ಊರು ನಿದಿಗೆ ದಾಟಿದ ಮೇಲೆ. ಅವರು ನನ್ನ ಕಡೆ ಸ್ವಲ್ಪ ತಿರುಗಿ ಕೇಳಿದರು. "ಮೇಡಂ, ನಿಮ್ಮನೇಲಿ ಸೌದೆ ಒಲೆ ಇದ್ದಾಗ ಅಮ್ಮ ಊದುಗೊಳವೆ ಹಿಡೀತಿದ್ರಲ್ಲ?"

"ಹಿಡೀತಿದ್ರು."

"ಒಂದು ಲೋಟ ಕಾಫಿಗೆ ಮದುವೆ ಮನೆ ಒಲೆ ಹಚ್ಚಿದ್ರೆ ಹೆಂಗೆ? ನನ್ನ ಹಳೇ ಕಾರು ಹಂಗಿತ್ತು. ದಿನಾ ನಾವು ಓಡೋ ದಾರಿಗೆ ಅಷ್ಟು ಬಲ ಬೇಡ. ಆದ್ರೂ ಆ ಭಾರ ಹೊತ್ಕೊಂಡು, ಅಷ್ಟು ದೊಡ್ಡ ಒಲೆ ಉರಿಸ್ಕೊಂಡೇ ಓಡ್ಬೇಕು. ತನ್ನನ್ನ ತಾನು ಎಳ್ಕೊಳ್ಳೋಕೇ ಅದಕ್ಕೆ ಎಷ್ಟೋ ಡೀಸೆಲ್ ಹೋಗ್ತಿತ್ತು. ಈಗ ಡೀಸೆಲ್ ರೇಟು ನೋಡಿ. ಹೊಗೆ ಇಷ್ಟೇ ಬಿಡಬೇಕು ಅಂತ ಸರ್ಕಾರನೂ ಬಿಗಿ ಮಾಡ್ತಿದೆ. ಅದಕ್ಕೇ ಕಾರು ಮಾಡೋರು ಒಲೇನೇ ಸಣ್ಣದು ಮಾಡಿ ಒಂದು ಊದುಗೊಳವೆ ಇಟ್ರು. ಏರು ಬಂತಾ, ಊದು. ಬೇಡ್ವಾ, ಸುಮ್ನಿರು."

"ಊದೋರು ಯಾರು?" ಎಂದೆ.

ಅದಕ್ಕೆ ಅವರ ಮುಖ ಅರಳಿತು. ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಅದೇ ಚೆಂದ ಮೇಡಂ. ಹೊರಗೆ ಹೋಗೋ ಹೊಗೇನೇ ಊದುತ್ತೆ. ಇಷ್ಟು ದಿನ ಹಿಂದಿನ ಪೈಪಲ್ಲಿ ಸುಮ್ಮನೆ ಹೋಗ್ತಿತ್ತಲ್ಲ, ಆ ಹೊಗೆ ದಾರೀಲಿ ಒಂದು ಪುಟ್ಟ ಚಕ್ರ. ಹೊಗೆ ಅದನ್ನ ತಿರುಗಿಸುತ್ತೆ. ಆ ಚಕ್ರ ಕೂತಿರೋ ಕಡ್ಡಿಯ ಇನ್ನೊಂದು ತುದೀಲಿ ಇನ್ನೊಂದು ಚಕ್ರ. ಅದು ಹೊರಗಿನ ಗಾಳೀನ ಒತ್ತಿ ಒಳಗೆ ತುಂಬುತ್ತೆ. ನಮ್ಮ ಪವರ್ ಹೌಸಿನ ಟರ್ಬೈನೇ. ಅಂಗೈ ಮೇಲೆ ಇಟ್ಕೊಬಹುದು, ಅಷ್ಟೇ."

ಬಸವರಾಜಪ್ಪನವರಿಗೆ ಸಮಾಧಾನವಾಗಲಿಲ್ಲ. ಒಂದು ಲಾರಿಯನ್ನು ಹಿಂದಿಕ್ಕಲು ಇವರು ಕಾಲು ಒತ್ತಿದಾಗ ಕಾರು ಒಂದು ಕ್ಷಣ ಯೋಚಿಸಿದಂತೆ ಸುಮ್ಮನಿದ್ದು, ಆಮೇಲೆ ಮುಂದಕ್ಕೆ ನುಗ್ಗಿತು.

"ಇದೇನು ಸಾರ್, ಒತ್ತಿದ್ರೆ ತಕ್ಷಣ ಹೋಗಲ್ಲ?"

"ಹೊಗೆ ಬಂದು, ಚಕ್ರ ತಿರುಗಿ, ಗಾಳಿ ತುಂಬಬೇಕಲ್ಲ. ಒಂದು ಕ್ಷಣ ಹಿಡಿಯುತ್ತೆ. ಆಮೇಲೆ ಕೊಡುತ್ತೆ."

"ಸರಿಹೋಯ್ತು. ನಿಮ್ಮ ತರಾನೇ. ಪ್ರಶ್ನೆ ಕಾಗದನಗರದಲ್ಲಿ, ಉತ್ತರ ಮಲವಗೊಪ್ಪದಲ್ಲಿ."

ಆ ದಿನದ ನಗು ನನಗೆ ಈಗಲೂ ಕೇಳಿಸುತ್ತದೆ. ಇವರೂ ನಕ್ಕರು, ಸ್ವಲ್ಪ ತಡವಾಗಿ.

ಆ ಸಂಜೆಯೇ ಮೊದಲ ಸಲ ನಡೆದದ್ದು. ಬಸವರಾಜಪ್ಪ ಇಳಿದುಹೋದರು. ನಾವು ಬಿ.ಎಚ್. ರಸ್ತೆ ಬಿಟ್ಟು, ರೈಲ್ವೆ ಗೇಟು ದಾಟಿ, ದನ, ಸೈಕಲ್ಲು, ತರಕಾರಿ ಗಾಡಿಗಳ ನಡುವೆ ನಿಧಾನವಾಗಿ ನಮ್ಮ ಬೀದಿಗೆ ಬಂದೆವು. ಎರಡು ಮನೆಗಳ ನಡುವೆ ಕಾರು ನಿಂತಿತು. ನಾನು ಬಾಗಿಲಿಗೆ ಕೈಹಾಕಿದೆ.

"ಒಂದು ನಿಮಿಷ ಮೇಡಂ" ಎಂದರು. ಇಂಜಿನ್ ಓಡುತ್ತಲೇ ಇತ್ತು. ಅವರ ಬೆರಳು ಕೀ ಮೇಲಿತ್ತು, ತಿರುಗಿಸಿರಲಿಲ್ಲ. "ಟರ್ಬೊ ಬಿಸಿಯಾಗಿರುತ್ತೆ. ತಕ್ಷಣ ಆರಿಸಿದ್ರೆ ಅದರ ಬೇರಿಂಗಿಗೆ ಎಣ್ಣೆ ಹೋಗೋದು ನಿಲ್ಲುತ್ತೆ, ಚಕ್ರ ಮಾತ್ರ ತಿರುಗ್ತಾ ಇರುತ್ತೆ. ಬೇರಿಂಗ್ ಸುಟ್ಟುಹೋಗುತ್ತೆ. ಸುಮ್ಮನೆ ಓಡ್ತಾ ಆರ್ಲಿ."

"ಸರಿ, ಆರ್ಲಿ. ನಾನು ಇಳೀತೀನಿ."

ಅವರು ಸ್ಟಿಯರಿಂಗ್ ಕಡೆ ನೋಡಿದರು. ಆಮೇಲೆ ಪವರ್ ಹೌಸಿನ ಒಂದು ಪದ್ಧತಿ ಹೇಳಿದರು. ಅಲ್ಲಿ ಟರ್ಬೈನಿಗೆ ಉಗಿ ನಿಲ್ಲಿಸಿದರೂ ಅದು ಬಹಳ ಹೊತ್ತು ತಾನಾಗಿಯೇ ತಿರುಗುತ್ತದೆ. ನಿಂತ ಮೇಲೂ ಅದರೊಳಗಿನ ಭಾರದ ದಂಡವನ್ನು, ಶಾಫ್ಟನ್ನು, ಬಿಡುವಂತಿಲ್ಲ. ಪೂರ್ತಿ ತಣ್ಣಗಾಗುವ ತನಕ ಬೇರೆ ಗೇರು ಹಾಕಿ ಮೆಲ್ಲಗೆ ತಿರುಗಿಸುತ್ತಿರಬೇಕು. "ನಿಂತಿತು ಅಂತ ಬಿಟ್ಟುಬಂದ್ರೆ ಬಿಸಿ ಶಾಫ್ಟ್ ತನ್ನ ಭಾರಕ್ಕೆ ತಾನೇ ಬಗ್ಗುತ್ತೆ ಮೇಡಂ. ಕಣ್ಣಿಗೆ ಕಾಣಲ್ಲ. ಆದ್ರೆ ಆಮೇಲೆ ಯಾವತ್ತೂ ನೆಟ್ಟಗೆ ತಿರುಗಲ್ಲ. ಅದಕ್ಕೇ ನಮ್ಮಲ್ಲಿ, ಶಿಫ್ಟ್ ಮುಗಿದ ಸೈರನ್ ಆದ್ರೂ ಜೊತೆಗಿದ್ದವರು ಯಾರೂ ಇಳಿದು ಹೋಗಲ್ಲ. ಮಷೀನು ನೆಮ್ಮದಿಯಾದ ಮೇಲೇ ಹೋಗೋದು."

ನಾನು ಬಾಗಿಲಿನಿಂದ ಕೈ ತೆಗೆದೆ. ಹಾಗೆ ಶುರುವಾಯಿತು.

ಬೆಳಿಗ್ಗೆ ಈ ಪದ್ಧತಿ ಇರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ನಮ್ಮಿಬ್ಬರನ್ನೂ ಇಳಿಸಿ ಅವರೊಬ್ಬರೇ ಪವರ್ ಹೌಸಿನ ಕಡೆ ಹೋಗುತ್ತಿದ್ದರು. ಸಂಜೆ ಮಾತ್ರ. ಆ ಒಂದು ನಿಮಿಷದಲ್ಲಿ ದೊಡ್ಡ ಮಾತೇನೂ ನಡೆಯುತ್ತಿರಲಿಲ್ಲ. ತಮ್ಮ ಹಿತ್ತಲಿನ ಅವರೆ ಬಳ್ಳಿಗೆ ಹುಳ ಬಿದ್ದದ್ದು, ನನ್ನ ಲ್ಯಾಬಿನ ತಕ್ಕಡಿ ಕೆಟ್ಟದ್ದು, ಅಮ್ಮನ ಮಂಡಿನೋವು. ಎಷ್ಟೋ ಸಂಜೆ ಅದೂ ಇಲ್ಲ. ಇಂಜಿನ್ ಗುಣುಗುಟ್ಟುತ್ತಿರುತ್ತಿತ್ತು. ಅವರು ತಲೆಯನ್ನು ಬಲಕ್ಕೆ ತಿರುಗಿಸಿ ಅದನ್ನು ಕೇಳುತ್ತಿರುತ್ತಿದ್ದರು. ನಾನು ಅವರ ಬೆರಳುಗಳನ್ನು ನೋಡುತ್ತಿದ್ದೆ. ಈಗ ಹೇಳುತ್ತಾರೆ, ಕೀ ತಿರುಗಿಸುವ ಮೊದಲು ಹೇಳುತ್ತಾರೆ ಎಂದುಕೊಳ್ಳುತ್ತಿದ್ದೆ. ಕೀ ತಿರುಗುತ್ತಿತ್ತು. "ಬರ್ತೀನಿ ಮೇಡಂ." "ಹೂಂ ಸರ್."

ಅಮ್ಮನಿಗೆ ಮೊದಮೊದಲು ಇದು ಅರ್ಥವಾಗಲಿಲ್ಲ. "ಬಂದಾಯ್ತಲ್ಲ, ಇಳಿದು ಒಳಗೆ ಬರೋಕೆ ಏನಂತೆ ಇಬ್ಬರಿಗೂ?" ಎನ್ನುತ್ತಿದ್ದಳು. ಟರ್ಬೊ ಆರಬೇಕು ಎಂದು ವಿವರಿಸಿದೆ. "ನಿನ್ನ ಟರ್ಬೊ ಆರೋ ಹೊತ್ತಿಗೆ ನನ್ನ ಕಾಫಿ ಆರಿಹೋಗುತ್ತೆ ಮಾರಾಯ್ತಿ" ಎಂದಳು. ಆಮೇಲೆ ಅವಳೇ ಲೆಕ್ಕ ಹಿಡಿದಳು. ಬೀದಿಯಲ್ಲಿ ಕಾರು ನಿಂತು ಗುಣುಗುಟ್ಟುವ ಸದ್ದು ಕೇಳಿದ ಕೂಡಲೇ ಅಡುಗೆಮನೆಯ ದೀಪ ಹಾಕಿ ಹಾಲಿಡುತ್ತಿದ್ದಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಕಾಫಿ ಸಿದ್ಧ.

ಆ ನಿಮಿಷವನ್ನು ನಾನು ಎಂದೂ ಅನುಮಾನಿಸಲಿಲ್ಲ. ಅದಕ್ಕೆ ಕಾರಣ ಸೆಲ್ವಂ. ಭದ್ರಾವತಿಯ ಟ್ಯಾಕ್ಸಿ ಸ್ಟ್ಯಾಂಡಿನವನು, ಬಸವರಾಜಪ್ಪನವರಿಗೆ ಪರಿಚಯ. ಸಾಗರದಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ನಾವೆಲ್ಲ ಅವನ ಹೊಸ ಗಾಡಿಯಲ್ಲಿ ಹೋಗಿದ್ದೆವು. ಅದಕ್ಕೂ ಟರ್ಬೊ ಇತ್ತು. ಬರುವಾಗ ಅವನು ಬಹಳ ಜೋರಾಗಿ ಓಡಿಸಿದ. ಕುಂಸಿಯ ಹೋಟೆಲೊಂದರ ಮುಂದೆ ಅದೇ ರಭಸದಲ್ಲಿ ತಂದು ನಿಲ್ಲಿಸಿ, ಕಾಲಿನಿಂದ ಒಮ್ಮೆ ಪೂರ್ತಿ ರೇಸ್ ಕೊಟ್ಟು, ಗಾಡಿ ಘರ್ರೆನ್ನುತ್ತಿರುವಾಗಲೇ ಕೀ ತಿರುಗಿಸಿಬಿಟ್ಟ. ಭದ್ರಾವತಿ ಸ್ಟ್ಯಾಂಡಿನಲ್ಲಿ ಎಲ್ಲರೂ ಹಾಗೆಯೇ ಆರಿಸುತ್ತಿದ್ದರು. ಅದನ್ನು 'ಕೊನೇ ರೇಸ್' ಎನ್ನುತ್ತಿದ್ದರು.

ಪಕ್ಕದಲ್ಲಿ ಕುಳಿತಿದ್ದ ಇವರು ಯಾರೋ ಹೊಡೆದಂತೆ ಕಣ್ಣು ಮುಚ್ಚಿದರು. "ಅಯ್ಯೋ, ಯಾಕಪ್ಪ ಹಂಗ್ ಮಾಡ್ದೆ?"

"ಏನಾಯ್ತು ಸಾರ್? ಕೊನೇ ರೇಸ್ ಕೊಟ್ರೆ ಬೆಳಿಗ್ಗೆ ಸೆಲ್ಫು ಜಟ್ ಅಂತ ಹಿಡೀತದೆ. ನಮ್ಮ ಗುರು ಕಲಿಸಿದ್ದು."

"ನಿನ್ನ ಗುರು ಗಾಡೀಲಿ ಟರ್ಬೊ ಇರಲಿಲ್ಲ ಮಾರಾಯ. ಈಗ ನೀನು ಅದರ ಚಕ್ರಾನ ಪೂರ್ತಿ ಬೀಸಿ ತಿರುಗಿಸ್ಬಿಟ್ಟು, ಅದಕ್ಕೆ ಹೋಗೋ ಎಣ್ಣೆ ಕಟ್ ಮಾಡಿದೆ. ಓಡ್ತಿರೋನಿಗೆ ಉಸಿರು ಹಿಡಿದಂಗೆ. ಜೋರಾಗಿ ಬಂದಾಗ ಒಂದು ನಿಮಿಷ ಸುಮ್ಮನೆ ಬಿಟ್ಟು ಆಮೇಲೆ ಆರಿಸು."

"ಒಂದು ನಿಮಿಷ ಕೂತ್ಕೊಂಡು ಏನ್ ಮಾಡ್ಲಿ ಸಾರ್?" ಎಂದ ಸೆಲ್ವಂ. ನಾವೆಲ್ಲ ನಕ್ಕೆವು. ಇವರು ನಗಲಿಲ್ಲ.

ಕೆಲವು ತಿಂಗಳಲ್ಲಿ ಸೆಲ್ವಂನ ಗಾಡಿ ನೀಲಿ ಹೊಗೆ ಕಾರತೊಡಗಿತು, ಟರ್ಬೊ ಹೋಗಿತ್ತು. 'ಹೇಳಿರಲಿಲ್ಲವಾ' ಎಂಬ ಮಾತು ಇವರ ಬಾಯಲ್ಲಿ ಬರಲಿಲ್ಲ. ಅರ್ಧ ದಿನ ರಜೆ ಹಾಕಿ ಗ್ಯಾರೇಜಿನಲ್ಲಿ ಅವನ ಜೊತೆ ನಿಂತಿದ್ದರು. ಬಿಚ್ಚಿದ ಭಾಗವನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರಂತೆ, ತಣ್ಣಗಾಗಿ ಎಷ್ಟೋ ದಿನವಾಗಿದ್ದರೂ. ಬಸವರಾಜಪ್ಪ ಬಂದು ಹೇಳಿದರು. ಆ ಸಂಜೆ ಕಾರಿನಲ್ಲಿ ಕುಳಿತಾಗ, ಈ ನಿಮಿಷ ಎಷ್ಟು ಮುಖ್ಯದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಕಾರಿಗೆ ಮುಖ್ಯ ಎಂದು.

ಒಂದೇ ಒಂದು ಸಂಜೆ ಅವರು ಏನೋ ಕೇಳಿದರು. ಬೇಸಿಗೆ, ಇನ್ನೂ ಬೆಳಕಿತ್ತು. ಕಾರು ನಿಂತಿತ್ತು, ಇಂಜಿನ್ ಓಡುತ್ತಿತ್ತು. ಬೆಳಗಾವಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಕರೆ ಬಂದಿದೆ ಎಂದರು. ಅಲ್ಲಿನ ಪವರ್ ಹೌಸಿಗೆ ಮುಖ್ಯಸ್ಥರಾಗಿ.

"ಒಳ್ಳೇದಲ್ವಾ ಸರ್."

"ಹೋಗ್ಲಾ ಮೇಡಂ?"

"ನೀವೇನು ಅಂದ್ಕೊಂಡಿದ್ದೀರಿ?"

"ಅದನ್ನೇ ನಿಮ್ಮನ್ನ ಕೇಳ್ತಿದ್ದೀನಿ."

ಹೋಗಿ ಎನ್ನಲು ಆಗಲಿಲ್ಲ. ಹೋಗಬೇಡಿ ಎನ್ನಲು ನಾನು ಯಾರು ಎಂದು ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ದೀಪ ಹಾಕಿದಳು. ನಾನು ಆ ದೀಪವನ್ನೇ ನೋಡುತ್ತಾ ಕುಳಿತೆ. ಅಂದು ಒಂದು ನಿಮಿಷಕ್ಕಿಂತ ಬಹಳ ಹೆಚ್ಚು ಹೊತ್ತು ಇಂಜಿನ್ ಓಡಿತು ಎಂದು ನನ್ನ ನೆನಪು. ಕೊನೆಗೆ ಅವರೇ ಕೀ ತಿರುಗಿಸಿದರು.

ಮರುದಿನ ಬೆಳಿಗ್ಗೆ ಬಸವರಾಜಪ್ಪನವರಿಗೆ ಹೇಗೋ ಸುದ್ದಿ ತಿಳಿದಿತ್ತು. "ಏನು ಸಾರ್, ನಮ್ಮನ್ನ ಬಿಟ್ಟು ಹೊರಟ್ರಂತೆ?"

"ಇಲ್ಲ."

"ಯಾಕೆ?"

ಈ ಸಲ ಉತ್ತರ ತಡವಾಗಲಿಲ್ಲ. "ಅಲ್ಲಿ ರಸ್ತೆ ಸರಿಯಿಲ್ಲವಂತೆ. ಈ ಗಾಡಿಗೆ ಆಗಲ್ಲ."

"ಗಾಡಿಗೋಸ್ಕರ ಕೆಲಸ ಬಿಟ್ಟೋರನ್ನ ಇವತ್ತೇ ನೋಡಿದ್ದು ಮಾರಾಯ್ರೆ" ಎಂದು ಬಸವರಾಜಪ್ಪ ಕೈಮುಗಿದರು. ನಾನು ಕಿಟಕಿಯ ಹೊರಗೆ ನೋಡಿದೆ. ರಸ್ತೆ ಎನ್ನುವುದು ನೆಪವೇ ಎಂದು ಆಗ ನನಗೂ ಅನ್ನಿಸಿತ್ತು. ಆದರೆ ಅನ್ನಿಸಿದ್ದನ್ನು ನಂಬುವಷ್ಟು ಧೈರ್ಯ ನನಗಿರಲಿಲ್ಲ. ಆಸೆಪಟ್ಟು ಕಾಯುವವರಿಗೆ ಎಲ್ಲದರಲ್ಲೂ ಏನೋ ಕಾಣುತ್ತದೆ. ಕಂಡದ್ದನ್ನೆಲ್ಲ ನಿಜವೆಂದುಕೊಳ್ಳಬಾರದು ಎಂದು ಪ್ರಯೋಗಾಲಯದ ಕೆಲಸ ನನಗೆ ಕಲಿಸಿತ್ತು. ಸಾಕ್ಷಿ ಬೇಕು. ಅದು ಸಿಗಲಿಲ್ಲ. ಮತ್ತೆ ಸಂಜೆಗಳು, ಮತ್ತೆ ಅವರೆ ಬಳ್ಳಿ, ಅಮ್ಮನ ಮಂಡಿನೋವು. ಹೀಗೆಯೇ ವರ್ಷಗಳು ಕಳೆದವು.

ಕಳೆದ ತಿಂಗಳ ಆ ಬೆಳಿಗ್ಗೆ ನಾನು ಎಂದಿನಂತೆ ಗೇಟಿನಲ್ಲಿ ನಿಂತಿದ್ದೆ. ಕಾರು ಒರೆಸಿಯಾಗಿತ್ತು, ಗಾಜು ಇನ್ನೂ ಒದ್ದೆಯಿತ್ತು. ಅವರು ಬರಲಿಲ್ಲ. ಬೀದಿ ದಾಟಿ ಹೋದೆ. ಬಾಗಿಲು ತೆರೆದಿತ್ತು. ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಬೂಟು ಹಾಕಿದ್ದರು, ಬಲಗಾಲಿನ ದಾರ ಕಟ್ಟಿತ್ತು, ಎಡಗಾಲಿನದು ಬಿಚ್ಚಿಯೇ ಇತ್ತು. ತಲೆ ಬಲಕ್ಕೆ ವಾಲಿತ್ತು, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ. "ಸರ್" ಎಂದೆ. ಇನ್ನೊಮ್ಮೆ ಎಂದೆ. ಆಮೇಲೆ ನನ್ನ ಕೈಯ ಹಿಂಬದಿಯನ್ನು ಅವರ ಹಣೆಗೆ ಇಟ್ಟೆ. ಅಷ್ಟು ವರ್ಷಗಳಲ್ಲಿ ನಾನು ಅವರನ್ನು ಮುಟ್ಟಿದ್ದು ಅದೊಂದೇ ಸಲ. ಡಾಕ್ಟರು ಬಂದು ಹೃದಯ ನಿಂತಿದೆ ಎಂದರು. ಅಷ್ಟು ಹೊತ್ತಿಗೆ ಯಾರೋ ಆ ಎಡಗಾಲಿನ ದಾರವನ್ನು ಕಟ್ಟಿದ್ದರು. ಯಾರು ಎಂದು ಗೊತ್ತಿಲ್ಲ. ನಾನಲ್ಲ.

ಕುಂಸಿಯಿಂದ ಮೊನ್ನೆ ಅವರ ತಂಗಿಯೇ ನನ್ನನ್ನು ವಾಪಸು ಕರೆತಂದರು, ಅದೇ ಕಾರಿನಲ್ಲಿ. ಅಣ್ಣನ ಮನೆ ಖಾಲಿ ಮಾಡುವುದಿತ್ತು. ಅವರು ಒಳ್ಳೆಯ ಡ್ರೈವರು. ಅಣ್ಣನ ಕಾರಿನಲ್ಲೇ ಕಲಿತದ್ದಂತೆ. ಪೇಟೆ ದಾಟುವಾಗ ಸಂಜೆಯ ಜನ. ರೈಲ್ವೆ ಗೇಟು ಹಾಕಿತ್ತು. ರೈಲು ಬರುವ ತನಕ ಇಂಜಿನ್ ಓಡಿಸಿಕೊಂಡೇ ನಿಂತಿದ್ದೆವು. ಆಮೇಲೆ ನಮ್ಮ ಬೀದಿ. ಎರಡು ಮನೆಗಳ ನಡುವೆ ಕಾರು ನಿಂತಿತು. ನಾನು ಕೈಯನ್ನು ಮಡಿಲಲ್ಲಿಟ್ಟು ಕುಳಿತೆ.

ಅವರ ತಂಗಿ ತಕ್ಷಣ ಕೀ ತಿರುಗಿಸಿಬಿಟ್ಟರು.

"ಅಯ್ಯೋ" ಎಂದೆ. "ಒಂದು ನಿಮಿಷ ಬಿಡಬೇಕಿತ್ತು. ಟರ್ಬೊ."

"ಅದಾ? ಇಲ್ಲ ಅಕ್ಕ, ಅದು ಹೈವೇಲಿ ಜೋರಾಗಿ ಬಂದು ತಕ್ಷಣ ನಿಲ್ಸಿದ್ರೆ ಮಾತ್ರ. ನಾವು ಪೇಟೆ ಒಳಗೆ ನಿಧಾನಕ್ಕೆ ಬಂದ್ವಲ್ಲ, ಗೇಟ್ ಹತ್ರ ಬೇರೆ ಅಷ್ಟೊತ್ತು ನಿಂತಿದ್ವಿ. ಅಲ್ಲೇ ಆರಿರುತ್ತೆ. ಅಣ್ಣನೇ ಹೇಳಿಕೊಟ್ಟಿದ್ದು."

"ಇಲ್ಲಿ ಅವರು ದಿನಾ ಕಾಯ್ತಿದ್ರು."

"ಎಲ್ಲಿ, ಇಲ್ಲಾ? ಗೇಟ್ ದಾಟಿ ಬಂದ ಮೇಲಾ?" ಅವರು ನನ್ನ ಕಡೆ ತಿರುಗಿದರು. "ನಮ್ಮನೆಗೆ ಬಂದಾಗ ಊರೊಳಗೆ ನಿಧಾನ ತಂದು, ಬಾಗಿಲಿಗೆ ಬಂದ ಕೂಡಲೇ ಆರಿಸಿ, 'ಊಟ ಹಾಕೇ' ಅಂತ ಇಳಿದುಬಿಡ್ತಿದ್ದ. ನಾನೇ ಒಂದ್ಸಲ ಇನ್ನೂ ಸ್ವಲ್ಪ ಬಿಡ್ಲಾ ಅಂದಿದ್ದಕ್ಕೆ, 'ಆರಿರೋದನ್ನ ಇನ್ನೇನು ಆರಿಸ್ತೀಯ, ಸುಮ್ನೆ ಡೀಸೆಲ್ ದಂಡ' ಅಂತ ಬೈದಿದ್ದ."

ಪ್ರತಿ ಸಂಜೆ ಆ ಗೇಟನ್ನು ದಾಟಿಯೇ ಬರುತ್ತಿದ್ದೆವು. ಟರ್ಬೈನಿನ ಮನುಷ್ಯ. ಅವರಿಗೆ ಗೊತ್ತಿರದೆ ಇರುತ್ತದೆಯೇ.

ಅವರ ತಂಗಿ ನನ್ನ ಮುಖ ನೋಡಿದರು. ಅವರ ಮನೆಯ ಪಂಕ್ತಿಯಲ್ಲಿ ಆ ಹೆಂಗಸು ಕೇಳಿದ ಪ್ರಶ್ನೆಯನ್ನು ಅವರು ಕೇಳಲಿಲ್ಲ.

"ಇನ್ನೊಂದು ಸಲ ಸ್ಟಾರ್ಟ್ ಮಾಡ್ತೀರಾ?" ಎಂದೆ.

ಅವರು ಕೀ ತಿರುಗಿಸಿದರು. ಇಂಜಿನ್ ಗುಣುಗುಟ್ಟತೊಡಗಿತು. ನಾವಿಬ್ಬರೂ ಸುಮ್ಮನೆ ಕುಳಿತೆವು. ಒಳಗೆ ಅಮ್ಮನಿಗೆ ಆ ಸದ್ದು ಕೇಳಿಸಿರಬೇಕು. ಅಡುಗೆಮನೆಯ ದೀಪ ಹತ್ತಿಕೊಂಡಿತು.